ಕೊಟ್ಟ ಗುಳಿಗೆ, ನುಂಗಿದ ಗುಳಿಗೆ

ಜಂತುಹುಳುವಿನ ಗುಳಿಗೆಯ ಪರಿಚಯ ನಿಮ್ಮಲ್ಲಿ ಬಹುತೇಕರಿಗೆ ಇದ್ದೇ ಇರುತ್ತದೆ. 2015ರಿಂದ ಗೊತ್ತಾದ ದಿನಗಳಂದು ಶಾಲೆ, ಕಾಲೇಜು, ಅಂಗನವಾಡಿಗಳಲ್ಲಿ ಈ ಗುಳಿಗೆಯನ್ನು ಕೊಡಲಾಗುತ್ತಿದೆ. ಅದರ ಹೆಸರು ಅಲ್ಬೆಂಡಜೋಲ್, ಔಷಧದ ಪ್ರಮಾಣ 400 ಮಿಲಿಗ್ರಾಂ. ಆ ದಿನ ನಿಮ್ಮ ಮೇಷ್ಟ್ರು ಅಥವಾ ಅಕ್ಕೋರು ಮಾಡುವ ಒಂದು ಸಣ್ಣ ಕೆಲಸವನ್ನು ನೀವು ಗಮನಿಸಿರಬಹುದು. ಗುಳಿಗೆಯನ್ನು ಅಂಗೈಯಲ್ಲಿಟ್ಟು ಅವರು ಮುಂದಿನ ಬೆಂಚಿಗೆ ಹೋಗುವುದಿಲ್ಲ. ‘ಅಗಿದು ನುಂಗು’ ಎನ್ನುತ್ತಾರೆ, ನುಂಗುವವರೆಗೆ ನಿಲ್ಲುತ್ತಾರೆ. ಕಿಸೆಗೆ ಹಾಕಿಕೊಳ್ಳಲು ಹೊರಟವನ ಕೈ ಹಿಡಿಯುತ್ತಾರೆ. ಮನೆಗೆ ಒಯ್ದು ಊಟವಾದ ಮೇಲೆ ತಿನ್ನುತ್ತೇನೆ ಎಂದರೆ ಒಪ್ಪುವುದಿಲ್ಲ.

ಇಷ್ಟು ಅಪನಂಬಿಕೆ ಏಕೆ ಎಂದು ನಿಮಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆ ಒಂದು ನಿಮಿಷದ ಕಾವಲಿನ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವಿದೆ. ಅದರಲ್ಲಿ ಮದರಾಸಿನ ಕ್ಷಯರೋಗಿಗಳು ಬರುತ್ತಾರೆ, ತುಮಕೂರು ಜಿಲ್ಲೆಯ ಹಳ್ಳಿಗಳು ಬರುತ್ತವೆ, ಅಮೆರಿಕದ ಒಂದು ಆಸ್ಪತ್ರೆ ಬರುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಬಾಗಿಲುಗಳೂ ಬರುತ್ತವೆ. ಕಿರುತೆರೆಯ ಮಾತುಕತೆಯ ಅರ್ಧ ಗಂಟೆಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲವಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆ ಮೂರು ತಾಲ್ಲೂಕುಗಳಿಗೆ ಹೋಗೋಣ. ಆಳಂದವು ಕಲಬುರಗಿಯ ವಾಯವ್ಯಕ್ಕೆ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿದೆ. ಅಫಜಲಪುರ ಮತ್ತು ಜೇವರ್ಗಿ ಎರಡೂ ಭೀಮಾ ನದಿಯ ಸೀಮೆಗಳು. ದತ್ತಕ್ಷೇತ್ರ ಗಾಣಗಾಪುರ ಇರುವುದು ಅಫಜಲಪುರ ತಾಲ್ಲೂಕಿನಲ್ಲೇ. ತೊಗರಿ, ಜೋಳಗಳ ಕಪ್ಪು ನೆಲ. 1948ರವರೆಗೆ ಇದೆಲ್ಲ ಹೈದರಾಬಾದು ನಿಜಾಮರ ರಾಜ್ಯದಲ್ಲಿತ್ತು. 1956ರಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದ ಆಡಳಿತದ ಗುರುತು ಈಗಲೂ ಜನರ ಬಾಯಲ್ಲಿದೆ. ಮೈಸೂರು ಕಡೆಯವರು ‘ಆಸ್ಪತ್ರೆ’ ಎನ್ನುವುದನ್ನು ಇಲ್ಲಿಯ ಹಿರಿಯರು ‘ದವಾಖಾನಿ’ ಎನ್ನುತ್ತಾರೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಈ ಮೂರೂ ಆ ಕೊನೆಯ ಗುಂಪಿನಲ್ಲಿದ್ದವು.

ಹಳೆಯ ದವಾಖಾನೆಗಳಲ್ಲಿ ಔಷಧ ಹಂಚುವ ಕ್ರಮ ಹೇಗಿತ್ತು? ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿನೋಡಿ. ಮನೆಯಿಂದ ಶೀಸೆ ಒಯ್ಯಬೇಕು. ಡಾಕ್ಟರರು ಚೀಟಿ ಬರೆಯುತ್ತಾರೆ. ಕಿಟಕಿಯ ಆಚೆ ಕಾಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ನೀರನ್ನು ಶೀಸೆಗೆ ಸುರಿದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸಿ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿ ಎಂದು ಹೇಳಿ ಕಳಿಸುತ್ತಾನೆ. ಕಿಟಕಿ ದಾಟಿದ ಮೇಲೆ ಆ ನೀರು ಏನಾಯಿತು ಎಂಬುದು ಅವನ ಕೆಲಸಕ್ಕೆ ಸೇರಿದ್ದಲ್ಲ. ಅದಕ್ಕೆ ಅವನನ್ನು ದೂಷಿಸುವಂತಿಲ್ಲ. 1946ರ ಭೋರ್ ಸಮಿತಿಯ ವರದಿಯಂತೆ ಆಗಿನ ಬ್ರಿಟಿಷ್ ಇಂಡಿಯಾದಲ್ಲಿ ಪದವಿ ಪಡೆದು ಅರ್ಹರಾಗಿದ್ದ ಔಷಧ ತಜ್ಞರು ಒಟ್ಟು 75 ಮಂದಿ, ಅಂದರೆ ನಲವತ್ತು ಲಕ್ಷ ಜನರಿಗೆ ಒಬ್ಬರು. ಉಳಿದ ಕೆಲಸವೆಲ್ಲ ನಡೆದದ್ದು ಕಾಂಪೌಂಡರುಗಳ ಅನುಭವದ ಬಲದಿಂದ. ಫಾರ್ಮಸಿ ಕಾನೂನು ಬಂದದ್ದು 1948ರಲ್ಲಿ.

ಆಸ್ಪತ್ರೆಯ ಕಿಟಕಿಗೆ ಆಚೆ ಏನಾಗುತ್ತದೆ ಎಂದು ಮೊದಲು ಗಂಭೀರವಾಗಿ ಕೇಳಿದವರು ಕ್ಷಯರೋಗದ ಸಂಶೋಧಕರು. 1956ರಲ್ಲಿ ಮದರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ಒಂದು ಚಿಕಿತ್ಸಾ ಸಂಶೋಧನಾ ಕೇಂದ್ರವನ್ನು ತೆರೆದವು. ಬಡ ಕ್ಷಯರೋಗಿಗಳಿಗೆ ಮನೆಯಲ್ಲೇ ಗುಳಿಗೆ ಕೊಟ್ಟರೆ ಸ್ಯಾನಟೋರಿಯಂನಷ್ಟೇ ಗುಣವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಆಗುತ್ತದೆ ಎಂದು 1959ರಲ್ಲಿ ಬಂದ ಉತ್ತರ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು.

ಆ ಪ್ರಯೋಗದ ಇನ್ನೊಂದು ಮಗ್ಗುಲು ಅಷ್ಟು ಪ್ರಸಿದ್ಧವಲ್ಲ, ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಅದೇ. ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ರೋಗಿಗಳ ಮಾತನ್ನು ಮಾತ್ರ ನಂಬಿ ಕೂಡಲಿಲ್ಲ. ಮುನ್ಸೂಚನೆ ಇಲ್ಲದೆ ಮನೆಗಳಿಗೆ ಹೋಗಿ ಉಳಿದ ಗುಳಿಗೆಗಳನ್ನು ಎಣಿಸಿದರು, ಮೂತ್ರ ಪರೀಕ್ಷೆ ಮಾಡಿ ಔಷಧ ಮೈಯೊಳಗೆ ಹೋಗಿದೆಯೇ ಎಂದು ನೋಡಿದರು. ತಪ್ಪದೆ ನುಂಗುತ್ತೇನೆ ಎಂದವರೆಲ್ಲ ನುಂಗಿರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತ ಮೇಲೆ ವರ್ಷಪೂರ್ತಿ ಗುಳಿಗೆ ತಿನ್ನುವುದು ಯಾರಿಗಾದರೂ ಕಷ್ಟ. ‘ಸಿಬ್ಬಂದಿಯ ಕಣ್ಣೆದುರೇ ನುಂಗಿಸುವುದು’ ಎಂಬ ಪದ್ಧತಿ ಬೆಳೆದದ್ದು ಈ ಬಗೆಯ ಅನುಭವದಿಂದ. ನಮ್ಮ ದೇಶದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮ 1997ರಲ್ಲಿ ಅದನ್ನೇ ತಳಹದಿಯಾಗಿ ಇಟ್ಟುಕೊಂಡಿತು.

ಅದೇ ಕಾಲದಲ್ಲಿ ನಮ್ಮ ರಾಜ್ಯದಲ್ಲೂ ಒಂದು ಮಹತ್ವದ ಅಧ್ಯಯನ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಕಂಡು ಮಾತನಾಡಿಸಿ, ತಮ್ಮ ಫಲಿತಾಂಶವನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವೇ ಇಲ್ಲ, ಅದಕ್ಕೇ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಬಲ್ಲವರ ನಂಬಿಕೆ. ಇವರು ಕಂಡದ್ದು ಬೇರೆ. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ತೊಂದರೆ ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಆಸ್ಪತ್ರೆಗಳಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಶೀಸೆ. ಕಫ ಪರೀಕ್ಷೆ ಮಾಡಿರಲಿಲ್ಲ. ಔಷಧ ವಿತರಣೆಯ ಪುಸ್ತಕದಲ್ಲಿ ಅವರೆಲ್ಲ ಔಷಧ ಪಡೆದವರೇ! ಇಷ್ಟು ಸರಳವಾಗಿ, ಇಷ್ಟು ಚುಚ್ಚುವಂತೆ ಆಸ್ಪತ್ರೆಯನ್ನು ಆಸ್ಪತ್ರೆಗೇ ತೋರಿಸಿದ ಅಧ್ಯಯನ ಕನ್ನಡ ನಾಡಿನಲ್ಲಿ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ. ಇದರ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟವಾದರೂ ಇರಬೇಕಿತ್ತು.

ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಹೀಗಿರಲಿಲ್ಲ ಎಂದುಕೊಳ್ಳಬೇಡಿ. 1962ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕೆನೆತ್ ಬಾರ್ಕರ್ ಮತ್ತು ವಾರೆನ್ ಮೆಕಾನೆಲ್ ಎಂಬ ಔಷಧಶಾಸ್ತ್ರಜ್ಞರು ವಾರ್ಡಿನಲ್ಲಿ ದಾದಿಯರು ಔಷಧ ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಿ ಬರೆದುಕೊಳ್ಳುವ ಏರ್ಪಾಡು ಮಾಡಿದರು. ಸಿಬ್ಬಂದಿ ತಾವಾಗಿಯೇ ಬರೆದುಕೊಡುತ್ತಿದ್ದ ತಪ್ಪುಗಳ ವರದಿಗಳು ಬೆರಳೆಣಿಕೆಯಷ್ಟು. ನಿಂತು ನೋಡಿದಾಗ ಸುಮಾರು ಆರು ಡೋಸಿಗೆ ಒಂದರಲ್ಲಿ ಏನಾದರೊಂದು ತಪ್ಪು ಕಂಡಿತು: ಕೊಡದೆ ಬಿಟ್ಟದ್ದು, ಪ್ರಮಾಣ ಹೆಚ್ಚು ಕಡಿಮೆಯಾದದ್ದು, ಹೊತ್ತು ತಪ್ಪಿದ್ದು. ಯಾರೂ ಬೇಕೆಂದು ಮುಚ್ಚಿಟ್ಟಿರಲಿಲ್ಲ. ತಪ್ಪಾಗಿದೆ ಎಂಬುದೇ ಬಹಳ ಸಲ ತಪ್ಪು ಮಾಡಿದವರಿಗೆ ಗೊತ್ತಾಗಿರಲಿಲ್ಲ. ವಾರ್ಡಿನ ಬೀರುವಿನಲ್ಲಿ ದೊಡ್ಡ ಡಬ್ಬಿಗಳನ್ನಿಟ್ಟು ಅದರಿಂದ ಎಲ್ಲರಿಗೂ ಹಂಚುವ ಬದಲು, ಪ್ರತಿ ರೋಗಿಯ ಪ್ರತಿ ಡೋಸನ್ನೂ ಹೆಸರು ಬರೆದು ಬೇರೆ ಬೇರೆ ಕಟ್ಟಿ ಕಳಿಸುವ ಪದ್ಧತಿ 1960ರ ದಶಕದಲ್ಲಿ ಅಲ್ಲಿ ಹಬ್ಬಲು ಇಂಥ ಅಧ್ಯಯನಗಳು ಒಂದು ಕಾರಣ.

ಮದರಾಸು, ತುಮಕೂರು, ಫ್ಲಾರಿಡಾ ಮೂರೂ ಕಡೆ ಪ್ರಶ್ನೆ ಒಂದೇ ಎಂಬುದು ನಿಮ್ಮ ಗಮನಕ್ಕೆ ಬಂದಿರಬೇಕು. ಪುಸ್ತಕದಲ್ಲಿ ಬರೆದದ್ದು ಔಷಧ ಕೈ ಬದಲಾಯಿಸಿದ ಲೆಕ್ಕ. ಅದು ಸರಿಯಾದ ಬಾಯಿಗೆ ಹೋಯಿತೇ ಎಂಬುದು ಬೇರೆ ಲೆಕ್ಕ. ನಮ್ಮ ಟೆಲಿವಿಷನ್ನಿನವರೂ ಈ ವಿಷಯದಲ್ಲಿ ಮೇಲಲ್ಲ. ಔಷಧ ವಿತರಣೆಯ ಉದ್ಘಾಟನೆಯನ್ನು ಚಿತ್ರೀಕರಿಸುವಾಗ ನಮ್ಮ ಕ್ಯಾಮೆರಾ ಹುಡುಕುವುದು ಕೊಡುವ ಕೈಯನ್ನೇ. ಅದು ಸಿಕ್ಕ ಕೂಡಲೇ ಶಾಟ್ ಮುಗಿಯುತ್ತದೆ.

ಕ್ಷಯದ ಗುಳಿಗೆಯನ್ನಾದರೂ ರೋಗಿ ತನಗಾಗಿ ತಿನ್ನುತ್ತಾನೆ. ಕಾಯಿಲೆ ಇಲ್ಲವೆಂದು ತಿಳಿದವರಿಗೆಲ್ಲ ಔಷಧ ನುಂಗಿಸಬೇಕಾಗಿ ಬಂದರೆ? ಆಳಂದ, ಅಫಜಲಪುರ, ಜೇವರ್ಗಿಗಳ ಕಥೆ ಇರುವುದು ಇಲ್ಲಿಯೇ. ಅದರ ಹೆಸರು ಆನೆಕಾಲು ರೋಗ.

ಆನೆಕಾಲು ರೋಗಕ್ಕೆ ಕಾರಣ ದಾರದಂಥ ಒಂದು ಹುಳು, ಫೈಲೇರಿಯಾ. ಅದು ನಮ್ಮ ದುಗ್ಧರಸದ ನಾಳಗಳಲ್ಲಿ ಮನೆ ಮಾಡಿ ವರ್ಷಗಟ್ಟಲೆ ಮರಿ ಹಾಕುತ್ತದೆ. ಬರಿಗಣ್ಣಿಗೆ ಕಾಣದ ಆ ಮರಿಗಳನ್ನು ಮನುಷ್ಯರ ರಕ್ತದಲ್ಲಿ 1872ರಲ್ಲಿ ಕಲ್ಕತ್ತೆಯಲ್ಲಿ ಟಿ. ಆರ್. ಲೂಯಿಸ್ ಕಂಡರು. ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲಿ, ಈ ಮರಿಗಳು ಸೊಳ್ಳೆಯ ಹೊಟ್ಟೆ ಸೇರಿ ಬೆಳೆಯುತ್ತವೆ ಎಂದು ತೋರಿಸಿದರು. ಸೊಳ್ಳೆಗೂ ಮನುಷ್ಯನ ರೋಗಕ್ಕೂ ಇರುವ ನಂಟಿನ ಮೊದಲ ಸಾಕ್ಷ್ಯ ಅದು; ರೊನಾಲ್ಡ್ ರಾಸ್ ಅವರ ಮಲೇರಿಯಾ ಸಂಶೋಧನೆಗೆ ಇಪ್ಪತ್ತು ವರ್ಷ ಮೊದಲು. ನಮ್ಮ ಕಡೆ ಇದನ್ನು ಹರಡುವುದು ಚರಂಡಿ, ಕೊಳಚೆ ಗುಂಡಿಗಳಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ವಿಚಿತ್ರವೆಂದರೆ ಈ ಮರಿಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿಯ ಹೊತ್ತಿಗೆ ಸರಿಯಾಗಿ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಆದ್ದರಿಂದಲೇ ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಳ್ಳುತ್ತಾರೆ.

ಕಾಲು ಊದುವುದು ಈ ಕಥೆಯ ಕೊನೆಯ ಅಧ್ಯಾಯ. ರಕ್ತದಲ್ಲಿ ಮರಿಗಳನ್ನು ಹೊತ್ತು ತಿರುಗುವವರಲ್ಲಿ ಹೆಚ್ಚಿನವರಿಗೆ ಏನೂ ತೊಂದರೆ ಕಾಣುವುದಿಲ್ಲ. ಅವರ ಕಾಲು ಚೆನ್ನಾಗಿಯೇ ಇರುತ್ತದೆ, ಆದರೆ ಅವರನ್ನು ಕಚ್ಚಿದ ಸೊಳ್ಳೆ ಮುಂದಿನ ಮನೆಗೆ ರೋಗ ಒಯ್ಯುತ್ತದೆ. ಕಾಲು ಒಮ್ಮೆ ಪೂರ್ತಿ ದಪ್ಪವಾದ ಮೇಲೆ ಯಾವ ಗುಳಿಗೆಯೂ ಅದನ್ನು ಮೊದಲಿನಂತೆ ಮಾಡಲಾರದು. ಆಮೇಲೆ ಉಳಿಯುವುದು ದಿನಾ ಸೋಪು ನೀರಿನಿಂದ ತೊಳೆದು, ಒರೆಸಿ, ಬಿರುಕು ಬಿಡದಂತೆ ಕಾಪಾಡಿಕೊಳ್ಳುವ ಶುಶ್ರೂಷೆ. ಹೊಲದ ಕೂಲಿ ನಂಬಿದವರಿಗೆ ಆ ಕಾಲು ಎಂದರೆ ಅರ್ಧ ಜೀವನ ಹೋದಂತೆ. ಹೆಣ್ಣುಮಕ್ಕಳಿಗಾದರೆ ಮದುವೆಯ ಮಾತೇ ನಿಲ್ಲುತ್ತದೆ.

1947ರಲ್ಲಿ ಡೈಈಥೈಲ್ ಕಾರ್ಬಮಜೀನ್ ಎಂಬ ಔಷಧ ಈ ಮರಿಗಳನ್ನು ಕೊಲ್ಲುತ್ತದೆ ಎಂದು ಗೊತ್ತಾಯಿತು. ಉದ್ದ ಹೆಸರಾದ್ದರಿಂದ ಎಲ್ಲರೂ ಡಿ.ಇ.ಸಿ. ಎನ್ನುತ್ತಾರೆ. ಭಾರತದ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಆರಂಭವಾಯಿತು. ಅದು ಬಹುಪಾಲು ಪಟ್ಟಣಗಳಿಗೆ ಸೀಮಿತವಾಗಿತ್ತು: ಚರಂಡಿಗೆ ಎಣ್ಣೆ ಸಿಂಪಡಿಸುವುದು, ರಾತ್ರಿ ರಕ್ತ ನೋಡಿ ಮರಿ ಕಂಡವರಿಗೆ ಹನ್ನೆರಡು ದಿನ ಡಿ.ಇ.ಸಿ. ಕೊಡುವುದು. ಹಳ್ಳಿಯ ಪಾಲಿಗೆ ಅದು ಇದ್ದೂ ಇಲ್ಲದಂತಿತ್ತು. ಮುಂದೆ ಹೊಸ ಲೆಕ್ಕ ಬಂತು. ಹನ್ನೆರಡು ದಿನ ಬೇಕಿಲ್ಲ, ವರ್ಷಕ್ಕೆ ಒಂದೇ ಸಲ ಸಾಕು; ಆದರೆ ಆ ಪ್ರದೇಶದ ಎಲ್ಲರೂ ನುಂಗಬೇಕು, ಐದಾರು ವರ್ಷ ಬಿಡದೆ ನುಂಗಬೇಕು. ಹೆತ್ತ ಹುಳುಗಳ ಆಯುಸ್ಸು ಸುಮಾರು ಅಷ್ಟೇ. ಅಷ್ಟು ವರ್ಷ ಮರಿಗಳು ಸೊಳ್ಳೆಗೆ ಸಿಗದಂತೆ ಮಾಡಿದರೆ ಸರಪಳಿ ತಾನಾಗಿ ಕಡಿಯುತ್ತದೆ. 1997ರಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗದ ನಿರ್ಮೂಲನೆಯ ನಿರ್ಣಯ ಮಾಡಿತು. ಭಾರತದಲ್ಲಿ 2004ರಿಂದ ಪೀಡಿತ ಜಿಲ್ಲೆಗಳಲ್ಲಿ ಸಾಮೂಹಿಕ ಗುಳಿಗೆ ಹಂಚಿಕೆ ಶುರುವಾಯಿತು, 2007ರಿಂದ ಡಿ.ಇ.ಸಿ. ಜೊತೆಗೆ ಅಲ್ಬೆಂಡಜೋಲ್ ಕೂಡ ಸೇರಿತು. ನೀವು ತರಗತಿಯಲ್ಲಿ ಅಗಿಯುವ ಗುಳಿಗೆಯೇ ಅದು. ಕರ್ನಾಟಕದ ಪೀಡಿತ ಜಿಲ್ಲೆಗಳು ಕರಾವಳಿಯಲ್ಲಿ ಒಂದಷ್ಟು, ಉತ್ತರದಲ್ಲಿ ಒಂದಷ್ಟು. ಆಗಿನ್ನೂ ಯಾದಗಿರಿಯನ್ನು ಒಳಗೊಂಡಿದ್ದ ಗುಲಬರ್ಗಾ ಉತ್ತರದವುಗಳಲ್ಲಿ ಒಂದು. ಆಳಂದದ ಆಚೆಯ ಸೊಲ್ಲಾಪುರ ಜಿಲ್ಲೆಯಲ್ಲೂ ಇದೇ ರೋಗವಿದೆ. ಸೊಳ್ಳೆಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ.

ಕೆಲಸದ ರೀತಿ ಹೀಗೆ: 2ರಿಂದ 5 ವರ್ಷದವರಿಗೆ ಡಿ.ಇ.ಸಿ. ಒಂದು ಗುಳಿಗೆ, 6ರಿಂದ 14ರವರಿಗೆ ಎರಡು, 15 ದಾಟಿದವರಿಗೆ ಮೂರು. ಎಲ್ಲರಿಗೂ ಅಲ್ಬೆಂಡಜೋಲ್ ಒಂದು. ಎರಡು ವರ್ಷದೊಳಗಿನ ಕೂಸುಗಳಿಗೆ, ಗರ್ಭಿಣಿಯರಿಗೆ, ತೀರಾ ಜಡ್ಡಾಗಿ ಮಲಗಿದವರಿಗೆ ಕೊಡಬಾರದು. ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಸುಮಾರು 50 ಮನೆಗಳಿಗೆ, ಅಂದರೆ 250 ಜನಕ್ಕೆ ಒಬ್ಬ ಹಂಚುವವರು. ಅಂಗನವಾಡಿ ಕಾರ್ಯಕರ್ತೆ, ಮುಂದೆ ಆಶಾ ಕಾರ್ಯಕರ್ತೆ, ಅವರ ಮೇಲ್ವಿಚಾರಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಬಾಯಿ ಮತ್ತು ಆರೋಗ್ಯ ಸಹಾಯಕರು. ಗೊತ್ತಾದ ಒಂದು ದಿನ ಹಂಚಿಕೆ, ಉಳಿದವರಿಗೆ ಮತ್ತೆರಡು ದಿನ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲು ಹಿಡಿಯಬಹುದು. ಒಬ್ಬರ ವಯಸ್ಸು ಕೇಳಿ, ಗುಳಿಗೆ ಎಣಿಸಿ, ನೀರು ತರಿಸಿ, ನುಂಗುವುದನ್ನು ನೋಡಿ, ಪುಸ್ತಕದಲ್ಲಿ ಬರೆಯಲು ಎರಡೇ ನಿಮಿಷ ಹಿಡಿಯಿರಿ. 250 ಜನಕ್ಕೆ 500 ನಿಮಿಷ, ಎಂಟು ಗಂಟೆಯ ಮೇಲಾಯಿತು. ಮನೆಯಿಂದ ಮನೆಗೆ ನಡೆಯುವ ಹೊತ್ತು, ಬಾಗಿಲು ಹಾಕಿದ್ದರೆ ಮತ್ತೆ ಬರುವ ಹೊತ್ತು ಇದರಲ್ಲಿ ಸೇರಿಲ್ಲ. ತೊಗರಿ ರಾಶಿಯ ಕಾಲದಲ್ಲಿ ಜೇವರ್ಗಿಯ ಹಳ್ಳಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಸಿಗುವವರು ಮುದುಕರು, ಮಕ್ಕಳು. ಬದುಕು ಅರಸಿ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಹೋದ ಕುಟುಂಬಗಳ ಮನೆಗೆ ಬೀಗವೇ ಇರುತ್ತದೆ. ಗುಳಿಗೆಯನ್ನು ಬಾಗಿಲಲ್ಲಿ ಕೊಟ್ಟು ಹೋದರೆ ಅದೇ ಕೆಲಸ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ.

ಬಾಗಿಲಲ್ಲಿ ನಡೆಯುವ ಮಾತಂತೂ ಎಲ್ಲ ಕಡೆ ಒಂದೇ ಬಗೆಯದು.

‘ಆಯಿ, ನನ್ನ ಮುಂದನೇ ನುಂಗ್ರಿ.’

‘ಇಟ್ಟು ಹೋಗವ್ವಾ, ಉಂಡ ಮ್ಯಾಲ ತಗೋತೀನಿ.’

‘ಖಾಲಿ ಹೊಟ್ಟೆಯಲ್ಲಿ ಬೇಡ’ ಎಂದು ಕಲಿಸಿದ್ದೇ ಇಲ್ಲಿ ನುಂಗದಿರಲು ಸಬೂಬಾಗುತ್ತದೆ. ಕಾರ್ಯಕರ್ತೆ ಅದೇ ಓಣಿಯವಳು, ಹಿರಿಯರ ಜೊತೆ ವಾದಿಸುವಂತಿಲ್ಲ. ನಾಲ್ಕು ಗುಳಿಗೆ ಗೂಡಿನಲ್ಲಿ ಉಳಿಯುತ್ತವೆ, ಪುಸ್ತಕದಲ್ಲಿ ಒಂದು ಗೆರೆ ತುಂಬುತ್ತದೆ. ‘ನನಗೇನಾಗ್ಯಾದ? ಕಾಲು ಛಲೋ ಅವ, ಗುಳಗಿ ಯಾಕ?’ ಎನ್ನುವವರು ಇನ್ನೊಂದು ಬಗೆ. ಅವರ ಪ್ರಶ್ನೆ ತೀರ ನ್ಯಾಯವಾದದ್ದು. ಕಾಲು ಚೆನ್ನಾಗಿರುವವರೇ ರೋಗವನ್ನು ಹರಡಬಲ್ಲರು ಎಂದು ವಿವರಿಸಲು ಮತ್ತೆ ಐದು ನಿಮಿಷ ಬೇಕು. ಆ ಐದು ನಿಮಿಷಕ್ಕೆ ಯಾವ ಪುಸ್ತಕದಲ್ಲೂ ಅಂಕಣವಿಲ್ಲ.

ಸಿಬ್ಬಂದಿಯ ಮನೋಭಾವವೆಂಬುದು ಇಲ್ಲಿ ರೂಪ ಪಡೆಯುತ್ತದೆ. ಮೇಲಿನಿಂದ ಕೇಳುವುದು ‘ಎಷ್ಟು ಹಂಚಿದಿರಿ?’ ಎಂದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಸಂಜೆಯೊಳಗೆ ಅಂಕಿ ಹೋಗಬೇಕು. ಶೇಕಡಾ 90 ಎಂದು ಬರೆದವರಿಗೆ ಪ್ರಶ್ನೆಯಿಲ್ಲ. ಶೇಕಡಾ 60 ನುಂಗಿದರು, ಉಳಿದವರು ಒಪ್ಪಲಿಲ್ಲ ಎಂದು ನಿಜ ಬರೆದವರಿಗೆ ನೋಟೀಸು. ಇಂಥ ಏರ್ಪಾಡಿನಲ್ಲಿ ಹಂಚುವುದೇ ತನ್ನ ಕೆಲಸ ಎಂದು ಒಬ್ಬ ನೌಕರ ತಿಳಿದರೆ ಅದು ಸೋಮಾರಿತನವಲ್ಲ, ಏರ್ಪಾಡೇ ಕಲಿಸಿದ ಪಾಠ.

ಭಯವೂ ಒಂದು ಕಾರಣ. ರಕ್ತದಲ್ಲಿ ಮರಿಹುಳುಗಳು ತುಂಬಿದ್ದವರು ಗುಳಿಗೆ ನುಂಗಿದರೆ, ಅವು ಸಾಯುವಾಗ ಒಂದೆರಡು ದಿನ ಜ್ವರ, ತಲೆನೋವು, ವಾಕರಿಕೆ ಬರುವುದುಂಟು. ವೈದ್ಯರ ದೃಷ್ಟಿಯಲ್ಲಿ ಔಷಧ ತನ್ನ ಗುರಿ ಮುಟ್ಟಿದೆ ಎಂಬುದರ ಲಕ್ಷಣ ಅದು. ಓಣಿಯ ದೃಷ್ಟಿಯಲ್ಲಿ, ಗಟ್ಟಿಮುಟ್ಟಾಗಿದ್ದವನನ್ನು ಗುಳಿಗೆ ಕೊಟ್ಟು ಮಲಗಿಸಿದ್ದಕ್ಕೆ ಸಾಕ್ಷಿ. ಅವನನ್ನು ಕರೆದೊಯ್ದ ದವಾಖಾನೆಯಲ್ಲಿ ಡಾಕ್ಟರರು, ‘ಹೆದರಬೇಡಿ, ಇದು ನಾಳೆಗೆ ಇಳಿಯುತ್ತದೆ, ನಿಮ್ಮ ರಕ್ತದಲ್ಲಿ ಹುಳು ಇತ್ತು ಎಂದು ಗೊತ್ತಾಯಿತಲ್ಲ’ ಎಂದರೆ ಮುಂದಿನ ವರ್ಷ ಆ ಓಣಿ ಗುಳಿಗೆಗೆ ಕೈ ಚಾಚುತ್ತದೆ. ‘ಇದನ್ನು ಯಾರು ನುಂಗು ಅಂದರು?’ ಎಂದು ಗದರಿದರೆ ಆ ಓಣಿಯ ಬಾಗಿಲು ಹಲವು ವರ್ಷ ಮುಚ್ಚುತ್ತದೆ. ಇಷ್ಟು ದೊಡ್ಡ ಕಾರ್ಯಕ್ರಮದ ಭವಿಷ್ಯ ಹೊರರೋಗಿ ವಿಭಾಗದ ಒಂದು ವಾಕ್ಯದ ಮೇಲೆ ನಿಂತಿರುತ್ತದೆ ಎಂದರೆ ನನ್ನ ಮಟ್ಟಿಗೆ ಅದು ಉತ್ಪ್ರೇಕ್ಷೆಯಲ್ಲ.

ಗುಳಿಗೆ ಹಂಚುವವರೇ ಬೇಡ ಎನ್ನುವ ದಾರಿಯೂ ಒಂದಿತ್ತು. ಅಡುಗೆ ಉಪ್ಪಿಗೆ ಡಿ.ಇ.ಸಿ. ಬೆರೆಸಿದರೆ ಯಾರ ಬಾಗಿಲಿಗೂ ಹೋಗಬೇಕಿಲ್ಲ, ಯಾರ ಮನವನ್ನೂ ಒಲಿಸಬೇಕಿಲ್ಲ. ಚೀನಾ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. 2007ರಲ್ಲಿ ಆ ದೇಶ ಆನೆಕಾಲು ರೋಗವನ್ನು ತೊಡೆದುಹಾಕಿದೆ ಎಂದು ಮಾನ್ಯವಾಯಿತು. ನಮ್ಮಲ್ಲೂ ಲಕ್ಷದ್ವೀಪ ಮತ್ತು ಕಾರೈಕಾಲ್‌ನಲ್ಲಿ 1970–80ರ ದಶಕಗಳಲ್ಲಿ ಪ್ರಯೋಗಗಳು ನಡೆದು ಒಳ್ಳೆಯ ಫಲ ಕೊಟ್ಟವು. ಆದರೆ ದ್ವೀಪಕ್ಕೆ ಬರುವ ಉಪ್ಪನ್ನು ಹಿಡಿತದಲ್ಲಿಡುವುದು ಬೇರೆ, ನೂರಾರು ಸಂತೆಗಳಿಗೆ ಎಲ್ಲೆಲ್ಲಿಂದಲೋ ಬರುವ ಉಪ್ಪನ್ನು ಹಿಡಿಯುವುದು ಬೇರೆ. ದೇಶ ಗುಳಿಗೆಯ ದಾರಿಯಲ್ಲೇ ಉಳಿಯಿತು.

ಗುಳಿಗೆ ತಾಲ್ಲೂಕಿನವರೆಗೆ ಬರುವ ದಾರಿ ಈ ಅವಧಿಯಲ್ಲಿ ಬಹಳ ಸುಧಾರಿಸಿತು ಎಂಬುದನ್ನೂ ಹೇಳಬೇಕು. ತಮಿಳುನಾಡು 1994ರಲ್ಲಿ ವೈದ್ಯಕೀಯ ಸರಬರಾಜಿಗೆಂದೇ ನಿಗಮ ಕಟ್ಟಿ, ಜಿಲ್ಲಾ ಉಗ್ರಾಣ, ಗಣಕಯಂತ್ರದ ಲೆಕ್ಕ, ಪ್ರತಿ ಆಸ್ಪತ್ರೆಗೊಂದು ಪಾಸ್‌ಬುಕ್ಕು ಎಂಬ ಮಾದರಿ ತೋರಿಸಿತು. 2000ದ ದಶಕದ ಆರಂಭದಲ್ಲಿ ಕರ್ನಾಟಕವೂ ಔಷಧ ಸಾಗಣೆ ಮತ್ತು ಉಗ್ರಾಣಕ್ಕೆ ಒಂದು ಸಂಘವನ್ನು ಸ್ಥಾಪಿಸಿತು. ಮುಂದೆ ಅದರ ಕೆಲಸ ನಿಗಮಕ್ಕೆ ಬಂತು. ಯಾವ ಪೆಟ್ಟಿಗೆ ಯಾವ ಉಗ್ರಾಣದಿಂದ ಹೊರಟಿತು ಎಂದು ಈಗ ಗಣಕಯಂತ್ರ ಹೇಳಬಲ್ಲದು. ಗೂಡಿನಲ್ಲಿ ಉಳಿದ ನಾಲ್ಕು ಗುಳಿಗೆಗಳ ಸುದ್ದಿ ಮಾತ್ರ ಅದಕ್ಕೆ ತಲುಪುವುದಿಲ್ಲ.

ಆ ಸುದ್ದಿ ತರಲು ಬೇರೆ ಏರ್ಪಾಡು ಮಾಡಲಾಯಿತು. ಹಂಚಿಕೆ ಮುಗಿದ ಮೇಲೆ ವೈದ್ಯಕೀಯ ಕಾಲೇಜಿನಂಥ ಹೊರಗಿನವರು ಬಂದು ಜಿಲ್ಲೆಯಲ್ಲಿ ಮೂರು ಗ್ರಾಮೀಣ ಮತ್ತು ಒಂದು ನಗರ ಪ್ರದೇಶವನ್ನು ಆರಿಸಿ, ಒಂದೊಂದರಲ್ಲಿ 30 ಮನೆಗಳಿಗೆ ಹೋಗಿ ಎರಡು ಪ್ರಶ್ನೆ ಕೇಳುತ್ತಾರೆ: ಗುಳಿಗೆ ಸಿಕ್ಕಿತೇ? ನುಂಗಿದಿರಾ? ಮದರಾಸಿನಲ್ಲಿ ಗುಳಿಗೆ ಎಣಿಸಿದವರ ವಂಶದ ಪ್ರಶ್ನೆಗಳಿವು. ಗುಲಬರ್ಗಾ ಜಿಲ್ಲೆಯ ಇಂಥ ಒಂದು ಸಮೀಕ್ಷೆ 2010ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಭಾರತದ ಬೇರೆ ಬೇರೆ ಜಿಲ್ಲೆಗಳ ಸಮೀಕ್ಷೆಗಳಲ್ಲಿ ಮೊದಲ ಪ್ರಶ್ನೆಯ ‘ಹೌದು’ಗಳಿಗಿಂತ ಎರಡನೆಯದರ ‘ಹೌದು’ಗಳು ಕಡಿಮೆ ಎಂಬುದು ಮತ್ತೆ ಮತ್ತೆ ಕಂಡಿತು. ಹರಡುವಿಕೆ ನಿಲ್ಲಬೇಕಾದರೆ ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ 65ಕ್ಕಾದರೂ ಔಷಧ ಹೊಟ್ಟೆಗೆ ಹೋಗಬೇಕು. ಆ ಅಂತರದಲ್ಲೇ ಸೋಲು ಗೆಲುವು ನಿಂತಿತ್ತು.

ಪೋಲಿಯೋದ ಹನಿಗೆ ಈ ತೊಡಕು ಬರಲಿಲ್ಲ ಎಂಬುದನ್ನು ಹೋಲಿಸಿ ನೋಡಿ. ಹನಿಯನ್ನು ಯಾರೂ ಗೂಡಿನಲ್ಲಿಡಲಾರರು. ಬಾಯಿಗೆ ಬಿದ್ದರೆ ಮುಗಿಯಿತು, ಬೆರಳಿಗೆ ಶಾಯಿ. 2014ರಲ್ಲಿ ಭಾರತ ಪೋಲಿಯೋ ಮುಕ್ತವಾಯಿತು. ಆನೆಕಾಲು ರೋಗದ ಗುರಿ ಮಾತ್ರ ಮುಂದಕ್ಕೆ ಹೋಗುತ್ತಲೇ ಬಂತು. 2002ರ ರಾಷ್ಟ್ರೀಯ ಆರೋಗ್ಯ ನೀತಿ 2015 ಎಂದಿತ್ತು. 2017ರ ನೀತಿಯೂ ಹೊಸ ಗಡುವು ಹಾಕಿತು. ಈಗಿನ ಗುರಿ 2027. ಪಕ್ಕದ ಶ್ರೀಲಂಕಾ 2016ರಲ್ಲೇ ದಡ ಸೇರಿತು. ನಮ್ಮ ರಾಜ್ಯದೊಳಗೆ ಕರಾವಳಿಯ ಜಿಲ್ಲೆಗಳು ಹಂಚಿಕೆ ನಿಲ್ಲಿಸುವ ಹಂತವನ್ನು ಮೊದಲು ಮುಟ್ಟಿದವು. ಕಲಬುರಗಿ, ಯಾದಗಿರಿಗಳ ಕಡೆ ಕೆಲಸ ಎಳೆಯಿತು.

ಯಾದಗಿರಿ ಮತ್ತೊಂದು ಕಾರಣಕ್ಕೆ ನೆನಪಿಡಬೇಕಾದ ಜಿಲ್ಲೆ. ಐವರ್ಮೆಕ್ಟಿನ್ ಎಂಬ ಮೂರನೆಯ ಔಷಧವನ್ನು ಸೇರಿಸಿದ ಹೊಸ ಚಿಕಿತ್ಸೆಯನ್ನು ಭಾರತ 2018–19ರಲ್ಲಿ ಮೊದಲು ಜಾರಿಗೆ ತಂದ ಐದು ಜಿಲ್ಲೆಗಳಲ್ಲಿ ಅದೂ ಒಂದು. ಐವರ್ಮೆಕ್ಟಿನ್ ಪ್ರಮಾಣ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಆದ್ದರಿಂದ ಹಂಚುವವರ ಕೈಗೆ ಒಂದು ಅಳತೆಗೋಲು ಬಂತು. ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಜನರನ್ನು ಕರೆದು ಗೋಡೆಗೆ ನಿಲ್ಲಿಸಿ ಎತ್ತರ ನೋಡಬೇಕಾದ ಮೇಲೆ ಗುಳಿಗೆಯನ್ನು ನೆರೆಮನೆಯವರ ಕೈಗೆ ಕೊಟ್ಟು ಹೋಗುವುದು ತಾನಾಗಿ ಕಷ್ಟವಾಯಿತು! ನಿಯಮದಲ್ಲೂ ‘ಎದುರಿಗೇ ನುಂಗಿಸಿ’ ಎಂಬುದು ಈಗ ಒತ್ತಿ ಬರೆದ ಮಾತು. ನುಂಗಿದವರ ಬೆರಳಿಗೆ ಗುರುತು ಹಾಕುವುದನ್ನು ಪೋಲಿಯೋದಿಂದ ಎರವಲು ಪಡೆಯಲಾಗಿದೆ.

ಐದಾರು ಸುತ್ತು ಮುಗಿದ ಮೇಲೆ ಜಿಲ್ಲೆಗೆ ಪರೀಕ್ಷೆ ಇದೆ. ಮೊದಲು ಗೊತ್ತಾದ ಊರುಗಳಲ್ಲಿ ರಾತ್ರಿ ರಕ್ತ ನೋಡಿ, ಮರಿಹುಳುಗಳಿರುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಖಚಿತವಾಗಬೇಕು. ಆಮೇಲೆ ಆರೇಳು ವರ್ಷದ ಮಕ್ಕಳ ಬೆರಳಿನ ರಕ್ತವನ್ನು ಪರೀಕ್ಷಿಸುತ್ತಾರೆ. ಬಹುಪಾಲು ಹಂಚಿಕೆ ನಡೆದ ವರ್ಷಗಳಲ್ಲೇ ಬೆಳೆದ ಮಕ್ಕಳು ಇವರು. ಇವರಲ್ಲಿ ಸೋಂಕು ಮಿತಿ ಮೀರಿ ಕಂಡರೆ ಊರಿನಲ್ಲಿ ರೋಗ ಇನ್ನೂ ಹರಡುತ್ತಿದೆ ಎಂದರ್ಥ. ಹಂಚಿಕೆಯ ಪುಸ್ತಕದಲ್ಲಿ ಶೇಕಡಾ ಎಷ್ಟೇ ಬರೆದಿದ್ದರೂ ಆಗ ಗುಳಿಗೆಯ ಪೆಟ್ಟಿಗೆಗಳು ಜಿಲ್ಲಾ ಉಗ್ರಾಣದಿಂದ ಇನ್ನೂ ಎರಡು ಸುತ್ತಿಗೆ ಹೊರಡಬೇಕಾಗುತ್ತದೆ.